ಬರಹವೂ ಒಂದು ಕಾಯಕ: ಅಂತರ್ಜಾಲದಲ್ಲಿ ಗಳಿಕೆಯ ಹಾದಿ

ಶರಣರು ಕಾಯಕದಲ್ಲಿ ಮೇಲು ಕೀಳೆಂಬ ಭೇದವನ್ನೆಣಿಸಲಿಲ್ಲ. ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಹಗ್ಗ ಹೊಸೆದ ನುಲಿಯ ಚಂದಯ್ಯ, ಬಟ್ಟೆ ಮಡಿಮಾಡಿದ ಮಾಚಯ್ಯ ಇವರೆಲ್ಲರೂ ಒಂದೇ ಅನುಭವ ಮಂಟಪದಲ್ಲಿ ಸಮಾನರಾಗಿ ಕುಳಿತವರು. ಹೀಗಿರುವಾಗ ಬರಹವನ್ನು ಕಾಯಕವೆಂದು ಕರೆಯಬಹುದೇ? ಅದರಿಂದ ಬರುವ ಹಣವನ್ನು ಸಂಕೋಚವಿಲ್ಲದೆ ಸ್ವೀಕರಿಸಬಹುದೇ? ಹಿಂದೆ ಈ ಪ್ರಶ್ನೆ ಕೆಲವೇ ಸಾಹಿತಿಗಳಿಗೆ ಸಂಬಂಧಿಸಿತ್ತು. ಇಂದು ಅದು ಪ್ರತಿಯೊಂದು ಮನೆಯ ಹೊಸ್ತಿಲಿಗೆ ಬಂದಿದೆ. ಕೈಯಲ್ಲಿ ಮೊಬೈಲ್ ಫೋನ್ ಇರುವ ಯಾರಾದರೂ ಕಥೆ ಬರೆದು ಅಂತರ್ಜಾಲದಲ್ಲಿ ಪ್ರಕಟಿಸಿ, ಓದುಗರಿಂದ ಅಷ್ಟೋ ಇಷ್ಟೋ ಹಣವನ್ನು ಪಡೆಯುವ ವ್ಯವಸ್ಥೆ ಏರ್ಪಟ್ಟಿದೆ.

ಕುಮಟಾ ತಾಲೂಕಿನ ಹೊಳನಗದ್ದೆಯನ್ನೇ ನೋಡೋಣ. ಕಡಲಿನ ಸಮೀಪದ ಊರು. ಘಟ್ಟದ ಮೇಲಿನಷ್ಟು ನಮ್ಮ ಸಮಾಜದ ಮನೆಗಳು ಕರಾವಳಿಯಲ್ಲಿಲ್ಲ. ಆದರೆ ಇಲ್ಲಿಯ ಎಲ್ಲ ಸಮಾಜಗಳ ಮನೆಗಳಿಗೂ ಒಂದು ಚಿಂತೆ ಸಮಾನವಾದುದು. ಓದಿದ ಮಕ್ಕಳಿಗೆ ಊರಿನಲ್ಲಿ ತಕ್ಕ ಉದ್ಯೋಗವಿಲ್ಲ. ಉದ್ಯೋಗವಿರುವ ಪಟ್ಟಣಕ್ಕೆ ಎಲ್ಲರೂ ಹೋಗಲಾಗದು. ಅದರಲ್ಲಿಯೂ ಪದವಿ ಪಡೆದು ಸಂಸಾರ ಹೂಡಿರುವ ಹೆಣ್ಣುಮಗಳು ಮನೆಯಲ್ಲಿದ್ದುಕೊಂಡೇ ನಾಲ್ಕು ಕಾಸು ಗಳಿಸಬೇಕೆಂದು ಬಯಸಿದರೆ ಅವಳ ಮುಂದಿರುವ ದಾರಿಗಳು ಕಡಿಮೆ. ಅಂಥವಳು ರಾತ್ರಿ ಅಡಿಗೆಮನೆಯ ಕೆಲಸ ಮುಗಿದ ಮೇಲೆ ಫೋನಿನಲ್ಲಿ ಧಾರಾವಾಹಿ ಬರೆಯಲು ಕುಳಿತರೆ ಮನೆಯವರು ಏನೆನ್ನಬೇಕು? ವ್ಯರ್ಥ ಕಾಲಹರಣವೆಂದು ತಡೆಯಬೇಕೇ, ಉದ್ಯೋಗದ ಪರೀಕ್ಷೆಯ ಸಿದ್ಧತೆಯನ್ನು ಬಿಟ್ಟು ಇದನ್ನೇ ನೆಚ್ಚೆಂದು ಹುರಿದುಂಬಿಸಬೇಕೇ? ನಮ್ಮ ದೃಷ್ಟಿಯಲ್ಲಿ ಎರಡೂ ಸರಿಯಲ್ಲ.

ಈ ನೆಲದ ಬರಹಗಾರರು

ಕುಮಟಾ ತಾಲೂಕು ಬರಹಕ್ಕೆ ಹೊಸದಲ್ಲ. ‘ಶಿಕಾರಿ’ ಕಾದಂಬರಿಯ ಕರ್ತೃ ಯಶವಂತ ಚಿತ್ತಾಲರು (೧೯೨೮–೨೦೧೪) ಇದೇ ತಾಲೂಕಿನ ಹನೇಹಳ್ಳಿಯವರು. ಗೋಕರ್ಣದ ಗೌರೀಶ ಕಾಯ್ಕಿಣಿಯವರು (೧೯೧೨–೨೦೦೨) ವಿಮರ್ಶೆ, ವಿಚಾರ, ಅಂಕಣಗಳೆಂದು ಬಹುಕಾಲ ಬಿಡುವಿಲ್ಲದೆ ಬರೆದರು. ಅವರ ಪುತ್ರ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ೨೦೧೮ರ ಸಾಲಿನ ದಕ್ಷಿಣ ಏಷ್ಯಾ ಸಾಹಿತ್ಯದ ಡಿ.ಎಸ್.ಸಿ. ಪ್ರಶಸ್ತಿ ದೊರೆಯಿತು, ಅದರ ಮೊತ್ತ ೨೫,೦೦೦ ಡಾಲರ್.

ಆದರೆ ಇವರ ಬದುಕಿನ ಇನ್ನೊಂದು ಮಗ್ಗುಲನ್ನೂ ನಾವು ಗಮನಿಸಬೇಕು. ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞಾನದ ಉದ್ಯೋಗದಲ್ಲಿದ್ದರು. ಗೌರೀಶರು ಶಾಲಾ ಶಿಕ್ಷಕರಾಗಿದ್ದರು. ಜಯಂತರು ಜೀವರಸಾಯನಶಾಸ್ತ್ರ ಓದಿ ಮುಂಬಯಿಯ ಕಾರ್ಖಾನೆಗಳಲ್ಲಿ ದುಡಿದರು. ಹೊಟ್ಟೆಯ ಅನ್ನಕ್ಕೆ ಒಂದು ವೃತ್ತಿ, ಮನಸ್ಸಿನ ಹಸಿವಿಗೆ ಬರಹ ಎಂಬ ಈ ಕ್ರಮವೇ ಅವರನ್ನು ದೀರ್ಘಕಾಲ ಬರೆಯಿಸಿತು. ಇಂದಿನ ಎಳೆಯರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕಿಲ್ಲ.

ನಮ್ಮ ಸಮಾಜದಲ್ಲಿಯೂ ಇಂಥ ಉದಾಹರಣೆಯಿದೆ. ಫ. ಗು. ಹಳಕಟ್ಟಿಯವರು (೧೮೮೦–೧೯೬೪) ವೃತ್ತಿಯಿಂದ ವಕೀಲರು. ತಾಳೆಗರಿಯ ಕಟ್ಟುಗಳಲ್ಲಿ ಅಡಗಿದ್ದ ವಚನಗಳನ್ನು ಹುಡುಕಿ ತೆಗೆದು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅನಂತರ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಈ ಕಾರ್ಯಕ್ಕಾಗಿ ಅವರು ಸ್ವಂತ ಮನೆಯನ್ನೂ ಮಾರಿದರೆಂಬುದನ್ನು ನಾಡು ಬಲ್ಲದು. ಅಂದು ಒಂದು ಬರಹ ಓದುಗನ ಕೈ ಸೇರಬೇಕಾದರೆ ಅಚ್ಚಿನ ಮೊಳೆ, ಕಾಗದ, ಅಂಚೆ ಎಲ್ಲಕ್ಕೂ ಹಣ ಸುರಿಯಬೇಕಿತ್ತು. ಇಂದು ಆ ವೆಚ್ಚ ಬಹುಮಟ್ಟಿಗೆ ಇಲ್ಲವಾಗಿದೆ. ಪ್ರಕಟಣೆಗೆ ಮನೆ ಮಾರಬೇಕಾದ ಕಾಲ ಕಳೆಯಿತೆಂಬುದೇ ಹೊಸ ತಲೆಮಾರಿನ ದೊಡ್ಡ ಭಾಗ್ಯ.

ಗಳಿಕೆಯ ಬಗೆ

೨೦೧೪ರಲ್ಲಿ ರಂಜಿತ್ ಪ್ರತಾಪ್ ಸಿಂಗ್ ಹಾಗೂ ಅವರ ಸಂಗಡಿಗರು ಬೆಂಗಳೂರಿನಲ್ಲಿ ‘ಪ್ರತಿಲಿಪಿ’ಯನ್ನು ಆರಂಭಿಸಿದರು. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳ ಕಥೆಗಳು ಅದರಲ್ಲಿ ಪ್ರಕಟವಾಗುತ್ತವೆ. ಇಲ್ಲಿ ಸಂಪಾದಕರ ಒಪ್ಪಿಗೆಗಾಗಿ ಕಾಯಬೇಕಿಲ್ಲ. ಓದುಗರು ಹಣ ಕೊಟ್ಟು ‘ನಾಣ್ಯ’ಗಳನ್ನು ಕೊಂಡು, ಮೆಚ್ಚಿದ ಬರಹಕ್ಕೆ ಕಾಣಿಕೆಯ ರೂಪದಲ್ಲಿ ಕೊಡುವುದೊಂದು ಮಾರ್ಗ, ಚಂದಾ ಕಟ್ಟಿದ ಓದುಗರು ಓದುವ ಧಾರಾವಾಹಿಗಳ ಲೇಖಕರಿಗೆ ಪಾಲು ಸಲ್ಲುವುದು ಇನ್ನೊಂದು ಮಾರ್ಗ. ೨೦೨೦ರಲ್ಲಿ ಆರಂಭವಾದ ‘ಮೈಲ್ಯಾಂಗ್’ನದು ಬೇರೆಯ ಕ್ರಮ. ಅದು ಕನ್ನಡದ ಪುಸ್ತಕಗಳನ್ನು ಇ-ಪುಸ್ತಕವಾಗಿ ಹಾಗೂ ಕೇಳುಪುಸ್ತಕವಾಗಿ ಮಾರುತ್ತದೆ. ಬಿಡಿ ಅಧ್ಯಾಯಗಳಿಗೆ ಮೊದಲನೆಯದು ತಕ್ಕುದಾದರೆ, ಪೂರ್ಣಗೊಂಡ ಪುಸ್ತಕಕ್ಕೆ ಎರಡನೆಯದು ತಕ್ಕುದು.

ಇದು ಮೇಲ್ನೋಟಕ್ಕೆ ಹೊಸತಾದರೂ ಬೇರು ಹಳೆಯದೇ. ‘ಸುಧಾ’, ‘ತರಂಗ’ ವಾರಪತ್ರಿಕೆಗಳ ಧಾರಾವಾಹಿಗಾಗಿ ಮನೆಮಂದಿಯೆಲ್ಲ ಕಾದು ಕುಳಿತಿದ್ದ ದಿನಗಳನ್ನು ಹಿರಿಯರು ನೆನೆಯಬಹುದು. ಮುಂದಿನ ಕಂತಿನ ಕುತೂಹಲವನ್ನು ಉಳಿಸುವ ಆ ಕಲೆಯೇ ಇಲ್ಲಿಯೂ ಓದುಗರನ್ನು ಹಿಡಿದಿಡುತ್ತದೆ. ನಿಯಮಿತ ದಿನದಂದು ತಪ್ಪದೆ ಕಂತು ಒದಗಿಸುವವರಿಗೆ ಓದುಗರು ನಿಲ್ಲುತ್ತಾರೆ. ಮನಸ್ಸು ಬಂದಾಗ ಬರೆಯುವವರನ್ನು ಬೇಗ ಮರೆಯುತ್ತಾರೆ.

ಹಾಗಾದರೆ ಎಷ್ಟು ಹಣ ಬಂದೀತು? ಇಲ್ಲಿ ಲೆಕ್ಕಾಚಾರ ಬೇಕು. ಒಬ್ಬ ಗೃಹಿಣಿ ದಿನಕ್ಕೊಂದು ಗಂಟೆಯಂತೆ ವರ್ಷವೆಲ್ಲ ಬರೆದಳೆನ್ನೋಣ, ೩೬೫ ಗಂಟೆಗಳಾದವು. ಅವಳಿಗೆ ತಿಂಗಳಿಗೆ ಸರಾಸರಿ ೧,೦೦೦ ರೂಪಾಯಿಯಂತೆ ವರ್ಷಕ್ಕೆ ೧೨,೦೦೦ ರೂಪಾಯಿ ಬಂತೆಂದು ಇಟ್ಟುಕೊಂಡರೂ ಗಂಟೆಗೆ ೩೩ ರೂಪಾಯಿ ಬೀಳುವುದಿಲ್ಲ. ಮೊದಲ ವರ್ಷ ಅಷ್ಟೂ ಬಾರದಿರಬಹುದು. ಆದ್ದರಿಂದ ಇದನ್ನು ಸಂಸಾರದ ಆಧಾರಸ್ತಂಭವೆಂದು ಎಣಿಸದೆ, ಕೈಗೆ ಬಂದ ಉಪ ಆದಾಯವೆಂದು ಬಗೆಯುವುದೇ ಲೇಸು. ವರ್ಷದ ಕೊನೆಗೆ ಪ್ರತಿಯೊಬ್ಬ ಬರಹಗಾರರೂ ಇಂಥ ಲೆಕ್ಕವನ್ನು ತಾವೇ ಹಾಕಿಕೊಳ್ಳಬೇಕು.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ಆ್ಯಂಡಿ ವೀರ್ ಎಂಬುವರು ‘ದಿ ಮಾರ್ಷಿಯನ್’ ಕಾದಂಬರಿಯನ್ನು ಮೊದಲು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಕಂತುಕಂತಾಗಿ ಪ್ರಕಟಿಸಿದರು. ೨೦೧೧ರಲ್ಲಿ ತಾವೇ ಇ-ಪುಸ್ತಕ ಮಾಡಿದರು. ೨೦೧೪ರಲ್ಲಿ ದೊಡ್ಡ ಪ್ರಕಾಶಕರು ಅದನ್ನು ಅಚ್ಚು ಮಾಡಿದರು. ೨೦೧೫ರಲ್ಲಿ ಚಲನಚಿತ್ರವೂ ಬಂತು. ಆದರೆ ಅಂಥವರು ಲಕ್ಷಕ್ಕೊಬ್ಬರು. ಅದೇ ಅಮೆರಿಕದಲ್ಲಿ ಅಮೆಜಾನ್ ಸಂಸ್ಥೆ ೨೦೨೧ರಲ್ಲಿ ಧಾರಾವಾಹಿಗಳಿಗೆಂದೇ ತೆರೆದ ‘ಕಿಂಡಲ್ ವೆಲ್ಲಾ’ ೨೦೨೫ರಲ್ಲಿ ಮುಚ್ಚಿತು. ಅಷ್ಟು ದೊಡ್ಡ ಸಂಸ್ಥೆಯ ವೇದಿಕೆಯೇ ನಾಲ್ಕು ವರ್ಷಕ್ಕೆ ನಿಂತಿತೆಂದ ಮೇಲೆ ಯಾವ ವೇದಿಕೆಯೂ ಶಾಶ್ವತವಲ್ಲ. ಬರೆದುದರ ಒಂದು ಪ್ರತಿ ಸದಾ ನಮ್ಮ ಬಳಿಯಲ್ಲಿರಬೇಕು.

ಹಕ್ಕು ಮತ್ತು ಎಚ್ಚರ

೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸ್ವಂತವಾಗಿ ಬರೆದ ಕಥೆಗೆ ಲೇಖಕರೇ ಮೊದಲ ಒಡೆಯರು. ನೋಂದಣಿ ಮಾಡಿಸದಿದ್ದರೂ ಈ ಹಕ್ಕು ಇರುತ್ತದೆ. ಲೇಖಕರ ಮರಣಾನಂತರ ೬೦ ವರ್ಷಗಳವರೆಗೆ ವಾರಸುದಾರರಿಗೆ ಸಲ್ಲುತ್ತದೆ. ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡುವುದಾದರೆ ಅದು ಲಿಖಿತವಾಗಿರಬೇಕು; ಅವಧಿಯನ್ನು ನಮೂದಿಸದಿದ್ದರೆ ೫ ವರ್ಷವೆಂದು ಕಾಯಿದೆ ತಿಳಿಯುತ್ತದೆ. ವೇದಿಕೆಯ ಕರಾರಿಗೆ ಒಪ್ಪಿಗೆ ಒತ್ತುವ ಮುನ್ನ ಮೂರು ಸಂಗತಿಗಳನ್ನು ಓದಿಕೊಳ್ಳಬೇಕು: ಅದೇ ಕಥೆಯನ್ನು ಬೇರೆಡೆ ಪ್ರಕಟಿಸಲು ಅನುಮತಿಯಿದೆಯೇ, ಚಲನಚಿತ್ರ ಹಾಗೂ ಧ್ವನಿರೂಪದ ಹಕ್ಕು ಯಾರಿಗೆ, ಹಣ ಯಾವಾಗ ಹಾಗೂ ಎಷ್ಟು ಮೊತ್ತವಾದ ಮೇಲೆ ಕೈಸೇರುತ್ತದೆ. ಬಂದ ಹಣ ಆದಾಯವೇ ಆದುದರಿಂದ ತೆರಿಗೆಯ ಲೆಕ್ಕದಲ್ಲಿ ತೋರಿಸಬೇಕಾಗುತ್ತದೆ.

ಇನ್ನೊಬ್ಬರ ಹಕ್ಕನ್ನೂ ಹಾಗೆಯೇ ಕಾಪಾಡಬೇಕು. ಹಳಕಟ್ಟಿಯವರು ಬದುಕಿದ್ದಾಗ ಪ್ರಕಟಿಸಿದ ಸ್ವಂತ ಬರಹಗಳು ೨೦೨೫ರಿಂದ ಎಲ್ಲರಿಗೂ ಮುಕ್ತವಾಗಿವೆ. ಚಿತ್ತಾಲರ ಕೃತಿಗಳ ಹಕ್ಕು ೨೦೭೪ರ ಕೊನೆಯವರೆಗೆ ಉಳಿದಿರುತ್ತದೆ. ಹನ್ನೆರಡನೆಯ ಶತಮಾನದ ವಚನಗಳು ಸಮಸ್ತರ ಸೊತ್ತು. ಆದರೆ ಈಗಿನ ವಿದ್ವಾಂಸರು ಅವಕ್ಕೆ ಬರೆದ ಟೀಕೆ, ವ್ಯಾಖ್ಯಾನಗಳು ಹಾಗಲ್ಲ.

ಮೋಸಗಾರರ ವಿಷಯದಲ್ಲಿಯೂ ಎಚ್ಚರ ಬೇಕು. ಮನೆಯಲ್ಲಿಯೇ ಕುಳಿತು ಬೆರಳಚ್ಚು ಮಾಡಿ ಸಾವಿರಾರು ಗಳಿಸಿರೆಂದು ಕರೆದು, ನೋಂದಣಿ ಶುಲ್ಕವೆಂದೋ ಠೇವಣಿಯೆಂದೋ ಮೊದಲು ಹಣ ಕೇಳುವವರುಂಟು. ಬರಹ ಕೊಟ್ಟವರಿಗೆ ಹಣ ಬರಬೇಕೇ ಹೊರತು ಅವರಿಂದ ಹೋಗಬಾರದು. ಕೇಳಿದೊಡನೆಯೇ ದೂರವಿರಬೇಕು. ಒಟಿಪಿ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಮೋಸಹೋದರೆ ನಾಚಿಕೊಂಡು ಮುಚ್ಚಿಡದೆ ಕೂಡಲೇ ೧೯೩೦ ಸಹಾಯವಾಣಿಗೆ ತಿಳಿಸಬೇಕು.

ಹೆಚ್ಚಿನ ಅಕ್ಕಿ

ಆಯ್ದಕ್ಕಿ ಮಾರಯ್ಯನ ಕಥೆ ನಮ್ಮ ಮನೆಗಳಲ್ಲಿ ಯಾರಿಗೆ ತಿಳಿಯದು? ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು. ಸತ್ಯಶುದ್ಧ ಕಾಯಕದ ಅಳತೆ ಅದು. ಇನ್ನೊಬ್ಬರ ಕಥೆಯ ಹೆಸರು ಬದಲಿಸಿ ತನ್ನದೆಂದು ಹಾಕುವುದು, ಯಂತ್ರದಿಂದ ಬರೆಯಿಸಿದುದನ್ನು ಸ್ವಂತ ರಚನೆಯೆಂದು ಮಾರುವುದು, ಓದುಗರನ್ನು ಸೆಳೆಯಲು ಮನೆಮಂದಿಯ ಮುಂದೆ ಓದಲಾಗದಂತಹುದನ್ನು ಬರೆಯುವುದು ಇವೆಲ್ಲ ಆ ಹೆಚ್ಚಿನ ಅಕ್ಕಿಗೆ ಸಮಾನ. ಅದರಿಂದ ಬಂದ ಹಣ ಎಷ್ಟೇ ಇರಲಿ, ಕಾಯಕದ ಫಲವಲ್ಲ.

ಲಕ್ಕಮ್ಮನ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ಮನೆಯ ಗಳಿಕೆಯ ಬಗ್ಗೆ ನಿರ್ಣಯ ಹೇಳುವ ಅಧಿಕಾರ ಅಲ್ಲಿ ಹೆಂಡತಿಗಿತ್ತು. ಗಂಡ ಅದನ್ನು ಮನ್ನಿಸಿದ. ಎಂಟು ಶತಮಾನಗಳ ಬಳಿಕ ನಮ್ಮ ಸೊಸೆ ಗಳಿಸಿದ ಹಣ ಯಾರ ಖಾತೆಗೆ ಹೋಗುತ್ತಿದೆಯೆಂದು ನಾವು ಕೇಳಿಕೊಳ್ಳಬೇಕು. ಅವಳ ಹೆಸರಿನಲ್ಲಿಯೇ ಬ್ಯಾಂಕ್ ಖಾತೆಯಿರಲಿ, ಪ್ಯಾನ್ ಕಾರ್ಡ್ ಇರಲಿ. ಬರಹದ ಹೊತ್ತು ಅವಳ ನಿದ್ರೆಯನ್ನು ಕದ್ದುದಾಗಬಾರದು. ಸಂಜೆಯ ಪಾತ್ರೆಗಳನ್ನು ಗಂಡನೋ ಮಗನೋ ತೊಳೆದರೆ ಆ ಒಂದು ಗಂಟೆ ತಾನಾಗಿಯೇ ದೊರೆಯುತ್ತದೆ. ಅತ್ತೆಯವರು ಬಲ್ಲ ಕಡಲ ಊರಿನ ಹಳೆಯ ಕಥೆಗಳು, ಗದ್ದೆಯ ಕೆಲಸದ ಮಾತುಗಳು, ಅಡಿಗೆಯ ಕ್ರಮಗಳು ಅವಳ ಬರಹಕ್ಕೆ ಬಂಡವಾಳವಾಗಲಿ. ಪಟ್ಟಣದ ಓದುಗರಿಗೆ ದೊರೆಯದ ಸಂಪತ್ತು ಅದು.

ಗಳಿಕೆ ಸಣ್ಣದಿರಲಿ, ದೊಡ್ಡದಿರಲಿ, ಅದರಲ್ಲೊಂದು ಪಾಲು ದಾಸೋಹಕ್ಕೆ ಮೀಸಲಾಗಲಿ. ಊರಿನ ಶಾಲೆಯ ಗ್ರಂಥಾಲಯಕ್ಕೆ ವರ್ಷಕ್ಕೊಂದು ಕನ್ನಡ ಪುಸ್ತಕ ಕೊಟ್ಟರೂ ಅದು ಬರಹದ ದಾಸೋಹವೇ. ಬರೆಯಬಲ್ಲ ಮಕ್ಕಳು, ಸೊಸೆಯಂದಿರು ಇರುವ ಮನೆಗಳು ಅವರಿಗೆ ದಿನಕ್ಕೊಂದು ಗಂಟೆಯನ್ನೂ ಒಂದು ವರ್ಷದ ತಾಳ್ಮೆಯನ್ನೂ ಕೊಟ್ಟು ನೋಡಲಿ ಎಂದು ನಾವು ವಿನಂತಿಸುತ್ತೇವೆ.