ನೀರಿಗೆ ದಾರಿ ಬಿಟ್ಟು ಇಳಿಯುವ ರೈಲು

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ರೈಲಿನಲ್ಲಿ ಘಾಟಿ ಇಳಿಯಲು ಯಾವ ಕಾಲ ಚೆಂದ ಎಂದು ಕೇಳಿ ನೋಡಿ. ಬಹಳ ಮಂದಿ ಅಕ್ಟೋಬರ್ ಎನ್ನುತ್ತಾರೆ. ಮಳೆ ಹಿಂದೆಗೆದಿರುತ್ತದೆ, ಹಸಿರು ಹಾಗೇ ಇರುತ್ತದೆ, ಕಣಿವೆಯ ಆಚೆ ಬದಿಯೂ ಕಾಣುತ್ತದೆ. ನನ್ನ ಮತ ಮಾತ್ರ ಪುಷ್ಯ ಮಳೆಗೆ. ಜುಲೈ ಕೊನೆಯ ಆ ದಿನಗಳಲ್ಲಿ ಮೋಡ ಸರಿದು ಕಣಿವೆ ಕಂಡರೆ ಅದೃಷ್ಟ. ಆದರೆ ಈ ದಾರಿ ಮಾಡಿದವರು ಯಾರ ಜತೆ ಗುದ್ದಾಡಿದ್ದರು ಎಂಬುದು ತಿಳಿಯುವುದು ಆಗಲೇ.

ಬೆಂಗಳೂರು ಕಡೆಯ ಹಗಲು ರೈಲು ಸಕಲೇಶಪುರ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಹತ್ತಿರವಾಗಿರುತ್ತದೆ. ಹಿಂದಿನ ರಾತ್ರಿಯೇ ಬಂದು ಉಳಿದರೆ ಬೆಳಿಗ್ಗೆ ದೋಣಿಗಾಲ್ ಹತ್ತಿರದ ಮಂಜರಾಬಾದ್ ಕೋಟೆ ಹತ್ತಿ ಬರಬಹುದು. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ ಈ ಕೋಟೆಗೆ ನಕ್ಷತ್ರದಂತೆ ಎಂಟು ಮೂಲೆ. ಡ್ರೋನ್ ಚಿತ್ರಗಳಲ್ಲಿ ಅದು ಎಷ್ಟು ಚಂದವೋ, ಒಳಗೆ ನಿಂತವರಿಗೆ ಅಷ್ಟೇ ಅಗೋಚರ. ಮಂಜು ಕವಿದ ದಿನ ಎದುರಿನ ಗೋಡೆಯೂ ಇರುವುದಿಲ್ಲ. ನೋಡಬೇಕಾದದ್ದು ನಡುವಿನ ಕೊಳ: ನಾಲ್ಕು ದಿಕ್ಕಿನಿಂದ ಮೆಟ್ಟಿಲು ಇಳಿಸಿ, ಶಿಲುಬೆಯಾಕಾರದಲ್ಲಿ ತೋಡಿದ್ದು. ಪಕ್ಕದಲ್ಲೇ ನೆಲದಡಿಯ ಮದ್ದಿನಮನೆಗಳು. ಇಷ್ಟು ಸುರಿಯುವ ಗುಡ್ಡದ ತಲೆಯ ಮೇಲೆ ನೀರನ್ನು ಹಿಡಿಯಲೂ ಬೇಕು, ಮದ್ದನ್ನು ಒಣಗಿಸಿಡಲೂ ಬೇಕು! ಕೆಳಗಿಳಿದ ಮೇಲೆ ಕಾಲುಚೀಲ ಬಿಚ್ಚಿ ನೋಡಿಕೊಳ್ಳಿ, ಇಂಬಳ ಹತ್ತಿರುತ್ತವೆ.

ಸಕಲೇಶಪುರದಲ್ಲಿ ರೈಲು ಸ್ವಲ್ಪ ಹೊತ್ತು ನಿಲ್ಲುತ್ತದೆ. ಪ್ರಯಾಣಿಕರು ಕಾಫಿಗೆ ಇಳಿಯುತ್ತಾರೆ, ಅತ್ತ ಸಿಬ್ಬಂದಿ ಬ್ರೇಕ್ ಪರೀಕ್ಷೆಯಲ್ಲಿರುತ್ತಾರೆ. ಮುಂದಿನ 55 ಕಿಲೋಮೀಟರ್ ಉದ್ದಕ್ಕೂ ಇಳಿಜಾರು. ಐವತ್ತು ಮೀಟರ್ ಹೋದರೆ ಒಂದು ಮೀಟರ್ ಇಳಿತ. ರೈಲಿಗೆ ಇದು ಕಡಿದೇ. ಗಂಟೆಗೆ 30 ಕಿಲೋಮೀಟರ್ ಮೀರುವಂತಿಲ್ಲ, ಹಾಗಾಗಿ ಎರಡು ಗಂಟೆಗೂ ಮೇಲೆ ಹಿಡಿಯುತ್ತದೆ. 57 ಸುರಂಗ, 109 ಸೇತುವೆ ಎಂಬ ಲೆಕ್ಕವನ್ನು ಪಕ್ಕದ ಸೀಟಿನವರು ಯಾರಾದರೂ ಹೇಳಿಯೇ ಹೇಳುತ್ತಾರೆ. ಎಣಿಸಲು ಕುಳಿತ ಮಕ್ಕಳು ಹತ್ತು ದಾಟುವುದರೊಳಗೆ ಬಿಟ್ಟು, ಕತ್ತಲಾದಾಗಲೆಲ್ಲ ಕೂಗಲು ಶುರು ಮಾಡುತ್ತಾರೆ.

ದೂರ ನೋಡುವುದನ್ನು ಬಿಟ್ಟು ಹಳಿಯ ಪಕ್ಕ ನೋಡಿ. ಕಿಟಕಿಗೆ ತೀರಾ ಹತ್ತಿರದಲ್ಲಿ ಕಡಿದ ಧರೆ ಹಾದುಹೋಗುತ್ತಿರುತ್ತದೆ: ಪಾಚಿ, ಜರೀಗಿಡ, ಕೆಂಪು ಮಣ್ಣು, ಮತ್ತೆ ಬಂಡೆ. ತಡೆಗೋಡೆಯಲ್ಲಿ ಸಾಲಾಗಿ ತೂತು ಬಿಟ್ಟಿದ್ದಾರೆ. ಒಂದೊಂದರಿಂದಲೂ ನೀರು ಚಿಮ್ಮುತ್ತಿರುತ್ತದೆ. ಆ ತೂತು ಕಟ್ಟಿತೋ, ಗೋಡೆಯ ಹಿಂದೆ ಮಣ್ಣು ನೀರು ಕುಡಿದು ಭಾರವಾಗಿ ಗೋಡೆಯನ್ನೇ ನೂಕುತ್ತದೆ. ಧರೆಯ ನೆತ್ತಿಯಲ್ಲಿ ನೀರು ತಪ್ಪಿಸುವ ಕಾಲುವೆ, ಬುಡದಲ್ಲಿ ಚರಂಡಿ, ಹಳಿಯ ಅಡಿಯಲ್ಲಿ ಮೋರಿ. ಇಷ್ಟನ್ನೂ ದಾಟಿ ನೀರು ಕೆಂಪುಹೊಳೆಯ ಕಡೆಗೆ ಧುಮುಕುತ್ತದೆ. ಪ್ರಯಾಣಿಕರು ಜಲಪಾತವೆಂದು ಫೋಟೊ ತೆಗೆಯುವುದರಲ್ಲಿ ಅರ್ಧದಷ್ಟಾದರೂ ಎಂಜಿನಿಯರುಗಳು ಬಿಟ್ಟ ದಾರಿಯ ನೀರೇ ಇರಬೇಕು ಎಂದು ನನ್ನ ಗುಮಾನಿ.

ಕಡಗರವಳ್ಳಿ, ಯಡಕುಮರಿ, ಶಿರಿಬಾಗಿಲು. ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ ಎನ್ನುವಂಥ ಈ ನಿಲ್ದಾಣಗಳ ನಡುವೆ ಮಳೆಗಾಲದಲ್ಲಿ ಹಗಲೂ ರಾತ್ರಿಯೂ ಹಳಿ ಕಾಯುವವರು ಇರುತ್ತಾರೆ. ರೇನ್‌ಕೋಟ್ ತೊಟ್ಟು, ಬಾವುಟ ಹಿಡಿದು, ಬೆನ್ನನ್ನು ಬಂಡೆಗೆ ಒತ್ತಿ ನಿಂತವರ ಮುಂದೆ ಬೋಗಿಗಳು ಒಂದೊಂದಾಗಿ ಸಾಗುತ್ತವೆ. ‘ಅಯ್ಯೋ, ಇಂಥ ಮಳೇಲಿ ಇಲ್ಲೇ ನಿಂತವ್ರಲ್ಲಪ್ಪ!’ ಎಂದು ಎದುರಿನ ಸೀಟಿನ ಅಜ್ಜಿ ಮೊಮ್ಮಗನಿಗೆ ತೋರಿಸಿದರು. ಅವನು ಮೊಬೈಲಿನಿಂದ ತಲೆ ಎತ್ತಿ ನೋಡುವಷ್ಟರಲ್ಲಿ ಮತ್ತೆ ಸುರಂಗ.

ಮೀಟರ್ ಗೇಜ್ ಹಳಿಯಾಗಿ 1979ರಲ್ಲಿ ತೆರೆದ ಈ ಮಾರ್ಗ, ಗೇಜ್ ಬದಲಿಸಲೆಂದು 1996ರಲ್ಲಿ ಮುಚ್ಚಿತು. ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ. ಹಳಿ ಅಗಲವಾದರೂ ಗುಡ್ಡದ ಗುಣ ಬದಲಾಗಲಿಲ್ಲ. 2018ರ ಆಗಸ್ಟ್‌ನಲ್ಲಿ ಹತ್ತಾರು ಕಡೆ ಧರೆ ಕುಸಿದು ಸಂಚಾರ ವಾರಗಟ್ಟಲೆ ನಿಂತಿತು. 2024ರ ಜುಲೈ ಕೊನೆಗೆ, ಅದೇ ಪುಷ್ಯದಲ್ಲಿ, ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಮರಳು ಮೂಟೆ, ಬಂಡೆಗಲ್ಲು ಪೇರಿಸಿ ಹಳಿಗೆ ಮತ್ತೆ ಆಸರೆ ಕೊಟ್ಟದ್ದು ಸುರಿವ ಮಳೆಯಲ್ಲೇ.

ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ 2021ರಿಂದ ಇದೆ. ಬಿಸಿಲಿದ್ದರೆ ಅದರ ದುಡ್ಡು ಸಾರ್ಥಕ. ಜಡಿಮಳೆಯಲ್ಲಿ ಗಾಜಿನ ತುಂಬ ನೀರಿನ ಗೆರೆಗಳೇ ಕಾಣುವುದರಿಂದ ನಾನಾದರೆ ಸಾಮಾನ್ಯ ಬೋಗಿಯ ಸರಳು ಕಿಟಕಿಯನ್ನೇ ಆರಿಸಿಕೊಳ್ಳುತ್ತೇನೆ. ತೋಳು ನೆನೆಯುತ್ತದೆ, ನೆನೆಯಲಿ. ಬಾಗಿಲಲ್ಲಿ ಜೋತುಬೀಳುವ ಚಪಲ ಬೇಡ. ಹಳಿಯ ಮೇಲೆ ಚಾರಣ ಮಾಡುವುದಂತೂ ನಿಷಿದ್ಧ. ಸೇತುವೆಯ ನಡುವೆ ರೈಲು ಎದುರಾದರೆ ಓಡಲು ಜಾಗವಿರುವುದಿಲ್ಲ.

ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ. ಅಲ್ಲಿ ಇಳಿದೊಡನೆ ಚಳಿ ಹೋಗಿ ಬೆವರು ಬರುತ್ತದೆ, ಮಳೆ ಮಾತ್ರ ಅದೇ. ಮೇಲೇರುವ ರೈಲುಗಳಿಗೆ ನೂಕುಬಲವಾಗಿ ಹೆಚ್ಚುವರಿ ಎಂಜಿನ್ ಜೋಡಿಸುವುದನ್ನು ಇಲ್ಲಿ ನೋಡಬಹುದು. ಕುಕ್ಕೆ ದೇವಸ್ಥಾನ ಅಲ್ಲಿಂದ ಸುಮಾರು 12 ಕಿಲೋಮೀಟರ್. ಕುಮಾರಧಾರೆ ಉಕ್ಕಿ ಸ್ನಾನಘಟ್ಟ ಮುಳುಗಿದ್ದರೆ ದೂರದಿಂದಲೇ ಕೈಮುಗಿಯಿರಿ.

ಹೊರಡುವ ಮುನ್ನ ರೈಲು ಓಡುತ್ತಿದೆಯೇ ಎಂದು ವಿಚಾರಿಸಿ. ವಿದ್ಯುದೀಕರಣದ ಕಾಮಗಾರಿಗೆಂದು 2025ರಲ್ಲಿ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಧರೆ ಕುಸಿದು ಹಳಿ ಮುಚ್ಚಿದ್ದರೆ ಪಕ್ಕದ ಶಿರಾಡಿ ರಸ್ತೆಯ ಗತಿಯೂ ಹೆಚ್ಚುಕಡಿಮೆ ಅದೇ ಆಗಿರುತ್ತದೆ, ಬಸ್ಸನ್ನು ನಂಬಬೇಡಿ. ಸಕಲೇಶಪುರದಲ್ಲಿ ಇನ್ನೊಂದು ರಾತ್ರಿಗೆ ಕೋಣೆ ಕೇಳಿಟ್ಟುಕೊಂಡಿರಿ.