ಬಾಡಿಗೆದಾರರ ಸಿಗರೇಟು, ರಾತ್ರಿ ಗಲಾಟೆ: ಪುಣೆಯಲ್ಲಿ ಫ್ಲ್ಯಾಟ್ ಇರೋರು ಏನು ಮಾಡಬಹುದು?

ಪುಣೆಯಲ್ಲಿ ಫ್ಲ್ಯಾಟ್ ತಗೊಂಡು, ಆಮೇಲೆ ಕೆಲಸಕ್ಕಂತ ಬೇರೆ ಊರು ಸೇರಿದ ನಮ್ಮವರು ಈ ಪ್ರಶ್ನೆ ತುಂಬಾ ಕೇಳ್ತಾರೆ. ನನಗೂ ಆಗಿದೆ. ನಾನು ಹೈದರಾಬಾದಿಗೆ ಬಂದಾಗ ವಾಕಡ್‌ನ ಮನೆಯನ್ನ ಮೂವರು ಹುಡುಗರಿಗೆ ಕೊಟ್ಟೆ. ಒಬ್ಬ ಧಾರವಾಡದವನು. ನಮ್ಮ ಹುಡುಗ ಅಂತ ಸಿಗರೇಟಿನ ಮಾತು ಬಾಯಲ್ಲೇ ಮುಗಿಸಿದೆ, ಅಗ್ರಿಮೆಂಟಲ್ಲಿ ಬರೆಸಲಿಲ್ಲ.

ಎರಡನೇ ತಿಂಗಳಿಗೆ ಸೊಸೈಟಿ ಸೆಕ್ರೆಟರಿ ಫೋನು. ರಾತ್ರಿ ಒಂದು ಗಂಟೆಗೆ ಸ್ಪೀಕರ್, ಕೆಳಗಿನ ಮನೆ ಬಾಲ್ಕನಿಗೆ ಸಿಗರೇಟು ತುಂಡು. ಆ ಮನೆಯಲ್ಲಿ ಆರು ತಿಂಗಳ ಮಗು.

ಸಿಟ್ಟಿಗೆ ಕರೆಂಟು ತೆಗೆಸೋಣ ಅನ್ನಿಸಿತು. ಅದೊಂದು ಮಾಡಬೇಡಿ. ನೀರು, ಕರೆಂಟು ನಿಲ್ಲಿಸಿದ್ರೆ, ಬೀಗ ಬದಲಿಸಿದ್ರೆ ತಪ್ಪಿತಸ್ಥರು ನೀವೇ ಆಗ್ತೀರಿ.

ಗಲಾಟೆಗೆ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ ಅಂದ್ರೆ 10ರಿಂದ ಬೆಳಿಗ್ಗೆ 6. ವಸತಿ ಪ್ರದೇಶಕ್ಕೆ ಆಗ 45 ಡೆಸಿಬಲ್ ಮಿತಿ. ಪಕ್ಕದವರು 112ಕ್ಕೆ ಫೋನ್ ಮಾಡಬಹುದು. ಸಿಗರೇಟು ಹಾಗಲ್ಲ. 2003ರ ತಂಬಾಕು ಕಾಯ್ದೆ ಸಾರ್ವಜನಿಕ ಸ್ಥಳದ್ದು. ಮನೆಯೊಳಗೆ ಸೇದಿದ್ರೆ ನಿಮ್ಮ ಕೈಯಲ್ಲಿರೋದು ಅಗ್ರಿಮೆಂಟು ಮಾತ್ರ. ನನ್ನದರಲ್ಲಿ ಇದ್ದದ್ದು "ನೆರೆಯವರಿಗೆ ತೊಂದರೆ ಕೊಡಬಾರದು" ಅನ್ನೋ ಒಂದೇ ಸಾಲು.

ಅದನ್ನೇ ಹಿಡ್ಕೊಂಡೆ. ಮೊದಲು ಫೋನಲ್ಲಿ ಸಮಾಧಾನವಾಗಿ ಮಾತಾಡಿದೆ. "ಇನ್ನ ಮ್ಯಾಲೆ ಆಗಂಗಿಲ್ರೀ ಸರ್" ಅಂದ ಧಾರವಾಡದವನು. ಹತ್ತೇ ದಿನಕ್ಕೆ ಮತ್ತೆ ಶುರು. ಆಗ ಸೊಸೈಟಿಯಿಂದ ದೂರನ್ನ ಬರಹದಲ್ಲಿ ತಗೊಂಡು, ತಾರೀಕು ಸಮೇತ ಮೂವರಿಗೂ ಇಮೇಲ್ ಹಾಕಿದೆ: ಇನ್ನೊಂದು ದೂರು ಬಂದ್ರೆ ಒಂದು ತಿಂಗಳ ನೋಟಿಸು. ಸ್ಪೀಕರ್ ನಿಂತಿತು. ಸಿಗರೇಟು ಬಾಲ್ಕನಿಯಿಂದ ಬೆಡ್‌ರೂಮಿಗೆ ಹೋಯ್ತು.

11 ತಿಂಗಳು ಮುಗಿದ ಮೇಲೆ ರಿನ್ಯೂ ಮಾಡಲಿಲ್ಲ. ಹೋಗಲ್ಲ ಅಂದಿದ್ರೂ ದಾರಿ ಇತ್ತು: ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಲೀವ್ ಅಂಡ್ ಲೈಸೆನ್ಸ್ ಅವಧಿ ಮುಗಿದ ಮೇಲೂ ಕೂತವರು ದುಪ್ಪಟ್ಟು ಬಾಡಿಗೆ ತೆರಬೇಕು. ಅಗ್ರಿಮೆಂಟು ಮಾತ್ರ ರಿಜಿಸ್ಟರ್ ಆಗಿರಲಿ. ಹಳದಿಯಾದ ಗೋಡೆಗೆ ಪೇಂಟಿಂಗ್ ಖರ್ಚು ನನ್ನ ತಲೆಗೇ ಬಂತು; ಮನೆ ಕೊಡುವಾಗ ಫೋಟೋ ತೆಗೆದಿರಲಿಲ್ಲ.

ಈಗಿನ ಅಗ್ರಿಮೆಂಟಲ್ಲಿ ಹೀಗೆ ಬರೆಸಿದ್ದೀನಿ: ಬಾಲ್ಕನಿ ಸೇರಿ ಎಲ್ಲೂ ಧೂಮಪಾನ ಇಲ್ಲ, ಎರಡು ಲಿಖಿತ ದೂರು ಬಂದ್ರೆ ಲಾಕ್-ಇನ್ ಅನ್ವಯಿಸಲ್ಲ, ಹೊಗೆ ಕಲೆಯ ಪೇಂಟಿಂಗ್ ಡಿಪಾಸಿಟ್‌ನಿಂದ. ಈಗಿರೋದೂ ಬ್ಯಾಚುಲರ್ ಹುಡುಗರೇ. ನಾನೂ ಒಂದು ಕಾಲಕ್ಕೆ ಬ್ಯಾಚುಲರ್ ಅಂತ ಮನೆ ಸಿಗದೆ ಅಲೆದವನು.