‘ಇನ್ವೇಸಿವ್’ ಅಂದ್ರೆ ಮೈಯೆಲ್ಲ ಹರಡಿದೆ ಅಂತಲ್ಲ: ಸ್ತನ ಕ್ಯಾನ್ಸರ್ ಕೋಶಗಳು ನಡೆಯೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೋದ ವಾರ ಕೇಳುಗರೊಬ್ಬರು ಮೆಸೇಜ್ ಮಾಡಿದ್ರು. ಅವರ ಅಮ್ಮನ ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಇನ್ವೇಸಿವ್ ಡಕ್ಟಲ್ ಕಾರ್ಸಿನೋಮಾ’ ಅಂತ ಬರೆದಿದೆ. “ಇನ್ವೇಸಿವ್ ಅಂದ್ರೆ ಮೈಯೆಲ್ಲ ಹರಡಿಬಿಟ್ಟಿದೆ ಅಂತಾನಾ? ಅಮ್ಮನಿಗೆ ಇನ್ನೂ ಹೇಳಿಲ್ಲ” ಅಂದ್ರು. ನಾನು ಡಾಕ್ಟರ್ ಅಲ್ಲ, ಓದಿದ್ದು ಬಿಕಾಂ. ಆದ್ರೂ ಈ ಒಂದು ಪದದ ಅರ್ಥ ಹೇಳಬಹುದು. ಉತ್ತರ ಮೊದಲೇ ಹೇಳಿಬಿಡ್ತೀನಿ: ಅಲ್ಲ.

ಕಾಂಪೌಂಡ್ ಗೋಡೆ

ಸ್ತನದೊಳಗೆ ಹಾಲಿನ ಗ್ರಂಥಿಗಳಿವೆ, ಹಾಲನ್ನ ತೊಟ್ಟಿನ ತನಕ ತರೋ ನಾಳಗಳಿವೆ. ಸ್ತನ ಕ್ಯಾನ್ಸರ್ ಸಾಮಾನ್ಯವಾಗಿ ಶುರುವಾಗೋದು ಇವುಗಳ ಒಳಪದರದ ಕೋಶಗಳಲ್ಲಿ. ಸುತ್ತ ಒಂದು ತೆಳು ಪೊರೆ ಇರುತ್ತೆ, ಹೆಸರು ಬೇಸ್‌ಮೆಂಟ್ ಮೆಂಬ್ರೇನ್. ಅದನ್ನ ಮನೆಯ ಕಾಂಪೌಂಡ್ ಅಂದ್ಕೊಳ್ಳಿ. ಕೆಟ್ಟ ಕೋಶಗಳು ಕಾಂಪೌಂಡ್ ಒಳಗೇ ಇದ್ರೆ ರಿಪೋರ್ಟ್‌ನಲ್ಲಿ ‘ಇನ್ ಸಿಟು’. ಗೋಡೆ ಒಡೆದು ಪಕ್ಕದ ಅಂಗಾಂಶಕ್ಕೆ ಕಾಲಿಟ್ಟಿದ್ರೆ ‘ಇನ್ವೇಸಿವ್’. ಕಾಂಪೌಂಡ್ ದಾಟಿದೆ ಅಂದ ಮಾತ್ರಕ್ಕೆ ಊರು ದಾಟಿದೆ ಅಂತಲ್ಲ. ದೂರದ ಅಂಗದಲ್ಲಿ ನೆಲೆಯೂರಿದ್ರೆ ಅದಕ್ಕೆ ಬೇರೆ ಪದ ಇದೆ: ಮೆಟಾಸ್ಟಾಸಿಸ್.

ಗೋಡೆ ದಾಟೋದು ಹೇಗೆ?

ಕ್ಯಾನ್ಸರ್ ಕೋಶ ಗೋಡೆಗೆ ಪುಟ್ಟ ಪಾದದಂಥ ಚಾಚುಗಳನ್ನ ಒತ್ತುತ್ತೆ. ಅಲ್ಲಿಂದ ಎಂಎಂಪಿ ಅನ್ನೋ ಕಿಣ್ವಗಳು ಕತ್ತರಿ ಥರ ಪೊರೆಯನ್ನ ಕತ್ತರಿಸುತ್ತವೆ. ಹೊರಗೆ ಬಂದ ಮೇಲೆ ನಡಿಗೆ. ಆಕ್ಟಿನ್ ಅನ್ನೋ ಪ್ರೋಟೀನ್ ಎಳೆಗಳು ಕೋಶದ ಮುಂಭಾಗವನ್ನ ಚಾಚುತ್ತವೆ, ಅದು ಕೊಲಾಜನ್ ನಾರನ್ನ ಹಿಡ್ಕೊಳ್ಳುತ್ತೆ, ಆಮೇಲೆ ಹಿಂಭಾಗವನ್ನ ಎಳ್ಕೊಳ್ಳುತ್ತೆ. ಕಿಟಕಿ ಸರಳಿನಲ್ಲಿ ತಲೆ ತೂರಿದ್ರೆ ಬೆಕ್ಕಿನ ಮೈ ಹೇಗೋ ಬರುತ್ತಲ್ವಾ? ಕೋಶದಲ್ಲಿ ಆ ಗಟ್ಟಿ ‘ತಲೆ’ ಅಂದ್ರೆ ನ್ಯೂಕ್ಲಿಯಸ್. ಅದು ತೂರಿದ್ರೆ ಉಳಿದಿದ್ದು ಸುಲಭ.

ಬೇಲಿಯೇ ಎದ್ದು ಹೊಲ ಮೇಯೋದು ಅಂತಾರಲ್ಲ, ಅದೂ ಇಲ್ಲಿ ನಡೆಯುತ್ತೆ. ನಮ್ಮನ್ನ ಕಾಯಬೇಕಾದ ಮ್ಯಾಕ್ರೋಫೇಜ್ ಅನ್ನೋ ರೋಗನಿರೋಧಕ ಕೋಶಗಳೇ ಕೆಲವೊಮ್ಮೆ ರಾಸಾಯನಿಕ ಸಂಕೇತ ಕೊಟ್ಟು ಕ್ಯಾನ್ಸರ್ ಕೋಶಗಳನ್ನ ರಕ್ತನಾಳದ ಕಡೆ ಕರೀತವೆ.

ಒಂಟಿಯಾಗಿಯೋ, ಗುಂಪಾಗಿಯೋ?

ಕೋಶಗಳನ್ನ ಒಂದಕ್ಕೊಂದು ಹಿಡಿದಿಡೋ ಅಂಟಿನ ಹೆಸರು ಇ-ಕ್ಯಾಡೆರಿನ್. ‘ಲೋಬ್ಯುಲಾರ್’ ಅನ್ನೋ ಬಗೆಯ ಸ್ತನ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ಈ ಅಂಟು ಇರಲ್ಲ. ಕೋಶಗಳು ಇರುವೆ ಸಾಲಿನ ಥರ ಒಂದರ ಹಿಂದೆ ಒಂದು ಹೋಗ್ತವೆ. ಗಟ್ಟಿ ಗಂಟು ಆಗದೇ ಇರೋದ್ರಿಂದ ಮ್ಯಾಮೊಗ್ರಾಂನಲ್ಲೂ ಕೆಲವೊಮ್ಮೆ ಕಣ್ಣು ತಪ್ಪಿಸುತ್ತೆ. ‘ಡಕ್ಟಲ್’ ಬಗೆಯಲ್ಲಿ ಅಂಟು ಉಳಿದು, ಗುಂಪಾಗಿ ನುಗ್ಗೋದು ಹೆಚ್ಚು.

2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಇಲಿಗಳ ಸ್ತನ ಕ್ಯಾನ್ಸರ್‌ನಿಂದ ಇ-ಕ್ಯಾಡೆರಿನ್ ತೆಗೆದಾಗ ನುಗ್ಗೋದು ಜಾಸ್ತಿ ಆಯ್ತು, ಆದ್ರೆ ದೂರದಲ್ಲಿ ನೆಲೆಯೂರೋದು ಕಡಿಮೆ ಆಯ್ತು! ಅಂದ್ರೆ ನುಗ್ಗೋದು ಬೇರೆ, ನೆಲೆಯೂರೋದು ಬೇರೆ.

ಬೀಜ ಮತ್ತು ಮಣ್ಣು

ನುಗ್ಗಿದ ಕೋಶ ದುಗ್ಧನಾಳ ಹಿಡಿದು ಕಂಕುಳಿನ ಗ್ರಂಥಿಗಳಿಗೆ ಹೋಗಬಹುದು, ರಕ್ತ ಸೇರಿ ಮೂಳೆ, ಶ್ವಾಸಕೋಶ, ಯಕೃತ್ತು, ಮೆದುಳು ತಲುಪಬಹುದು. ಆದ್ರೆ ರಕ್ತಕ್ಕೆ ಬಿದ್ದ ಕ್ಯಾನ್ಸರ್ ಕೋಶಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯ್ತವೆ. 1889ರಲ್ಲಿ ಲಂಡನ್‌ನ ಸರ್ಜನ್ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಮಹಿಳೆಯರ ದಾಖಲೆ ನೋಡಿ ಹೇಳಿದ್ದೂ ಇದನ್ನೇ: ಬೀಜ ಬಿದ್ರೆ ಸಾಲದು, ಮಣ್ಣೂ ಒಪ್ಪಬೇಕು.

ಹಾಗಾದ್ರೆ ಏನು ಮಾಡಬೇಕು?

ಆ ಕೇಳುಗರಿಗೆ ನನ್ನ ಮಾತು ಇಷ್ಟು. ಎಷ್ಟು ದೂರ ಹೋಗಿದೆ ಅನ್ನೋದನ್ನ ‘ಇನ್ವೇಸಿವ್’ ಅನ್ನೋ ಪದ ಹೇಳಲ್ಲ. ಗಂಟಿನ ಅಳತೆ, ಕಂಕುಳಿನ ಗ್ರಂಥಿ, ಸ್ಟೇಜ್, ಜೊತೆಗೆ ಇಆರ್, ಪಿಆರ್, ಹರ್-2 ಫಲಿತಾಂಶ: ಇವನ್ನ ಡಾಕ್ಟರ್ ಹತ್ರ ಕೇಳಿ. ಹಾಗಂತ ತಡ ಮಾಡಬೇಡಿ, ಗೋಡೆ ಒಡೆದಿದೆ, ದಾರಿ ತೆರೆದಿದೆ. ಗಂಟು ತೆಗೆದ ಮೇಲೂ ಕೀಮೋ, ಹಾರ್ಮೋನ್ ಮಾತ್ರೆ ಕೊಡೋದು ಯಾಕೆ ಗೊತ್ತಾ? ಆಗಲೇ ನುಸುಳಿರಬಹುದಾದ ಒಂದೆರಡು ಕೋಶಗಳಿಗಾಗಿ.

ಉಳಿದವರಿಗೆ: ಗಂಟು ನೋಯ್ತಿಲ್ಲ ಅಂತ ಕಾಯಬೇಡಿ, ಸ್ತನ ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯಲ್ಲ.

ಕೊನೇ ಮಾತು. ರಿಪೋರ್ಟ್ ಅಮ್ಮನದು. ಪಕ್ಕದಲ್ಲಿ ಕೂತು, ಅರ್ಥ ಮಾಡಿಸಿ, ಅಮ್ಮನಿಗೆ ಹೇಳಿ. ಮುಂದಿನ ವಾರ ಸಿಗೋಣ.